ಹನ್ನೊಂದು ಸೆಕೆಂಡು

ಪರೀಕ್ಷೆಗೆಂದು ನಾನಿಟ್ಟಿದ್ದು ಇಪ್ಪತ್ತೇ ಲಾಟು.
ರೈತರ ಹೆಸರೂ ನಾನೇ ಹುಟ್ಟಿಸಿದ್ದು: ಅ, ಆ, ಇ, ಈ.
ರೆಪ್ಪೆ ಬಡಿಯುವುದರೊಳಗೆ ಪುಟ ತೆರೆಯುತ್ತಿತ್ತು.
ತೊರವಿ ರಸ್ತೆಯ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ
ಚಹಾ ಹೀರುತ್ತ
ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಮೇಲೊಂದು ದಿನ ಚನಮಲ್ಲಪ್ಪ ಸಾವಕಾರ
ಕಿಸೆಯಿಂದ ಪೆನ್‌ಡ್ರೈವ್ ತೆಗೆದು
ಅಡಕೆ ಪುಡಿ ಜಾಡಿಸಿ ಮೇಜಿನ ಮೇಲಿಟ್ಟ.
ಹೋದ ಹಂಗಾಮಿನ ಒಣದ್ರಾಕ್ಷಿ, ಪೂರಾ ಲೆಕ್ಕ.
ತಿಕೋಟಾದ್ದು, ಬಿಜ್ಜರಗಿದು, ಬಾಬಾನಗರದ್ದು,
ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಲಾಟು.
“ಇದನ್ನ ಹಾಕಿ ತೋರಸವಾ ಒಮ್ಮೆ.”

ಹಾಕಿದೆ.
ಬಿಳಿ ಪುಟ. ತಿರುಗುವ ಚಕ್ರ.
ಸಾವಕಾರ ಅದನ್ನು ನೋಡಿದ, ನನ್ನನ್ನು ನೋಡಿದ,
ಗೋಡೆಯ ಗಡಿಯಾರ ನೋಡಿದ.
ಹನ್ನೊಂದು ಸೆಕೆಂಡು.
“ಇಷ್ಟೊತ್ತಿಗೆ ಸಾಂಗ್ಲಿಯಾಂವ
ಮಾಲ ಎತಗೊಂಡ ಹೋಗಿರ್ತಾನ” ಅಂದ, ಎದ್ದು ಹೋದ.

ಮೊದಲು ಬೈದದ್ದು ಟವರಿಗೆ.
ಎಲ್ಲ ನನ್ನ ಲ್ಯಾಪ್‌ಟಾಪಿನೊಳಗೇ ಓಡುವಾಗ
ಪಾಪ, ಟವರಿಗೇನು ಕೆಲಸ?
ಆಮೇಲೆ ಲ್ಯಾಪ್‌ಟಾಪಿಗೆ. ಹಳೆಯದು, ಕಾಯುತ್ತದೆ.
ಏಪ್ರಿಲ್ಲಿನಲ್ಲಿ ಈ ಊರೊಳಗೆ ಕಾಯದ್ದು ಯಾವುದು?
ಆಮೇಲೆ ಸಾವಕಾರನ ಮಗಳು ಬರೆದುಕೊಟ್ಟ
ದ್ರಾಕ್ಷಿ ಗೊಂಚಲಿನ ದೊಡ್ಡ ಚಿತ್ರಕ್ಕೆ. ತೆಗೆದುಹಾಕಿದೆ.
ಹನ್ನೊಂದೇ.
ತೆಪ್ಪಗೆ ಚಿತ್ರ ಇದ್ದಲ್ಲಿಗೆ ಮರಳಿಸಿದೆ.

ಅಂದಾಜು ಬಿಟ್ಟು ಅಳತೆಗೆ ಕೂತೆ.
ಪುಟ ನಡೆದು ಬರುವ ದಾರಿಯುದ್ದಕ್ಕೂ
ಗಡಿಯಾರ ಹಿಡಿದ ಕಾವಲುಗಾರರನ್ನು ನಿಲ್ಲಿಸಿದೆ.
ಬಾಗಿಲಲ್ಲಿ: ಎರಡು ಮಿಲಿಸೆಕೆಂಡು.
ಲಾಗಿನ್ನಿನಲ್ಲಿ: ಒಂಬತ್ತು.
ಬಣ್ಣ ಬಳಿದು ಹೊರಗೆ ಕಳಿಸುವಲ್ಲಿ: ಮುನ್ನೂರು.
ಉಳಿದದ್ದೆಲ್ಲ
ಉಗ್ರಾಣದ ಕತ್ತಲಲ್ಲಿ.

ಡೇಟಾಬೇಸಿನ ಲಾಗ್ ತೆರೆದೆ.
ಲಾಟುಗಳನ್ನೆಲ್ಲ ಕೊಡು ಎಂದು ಒಂದು ಮಾತು.
ಒಂದೇ ಉಸಿರಿಗೆ ಕೊಟ್ಟಿತ್ತು.
ಅದರ ಕೆಳಗೆ
ನಲವತ್ತನೇ ರೈತ ಯಾರು?
ಏಳುನೂರ ಹದಿನೆಂಟನೇ ರೈತ ಯಾರು?
ಹದಿಮೂರನೇ ರೈತ ಯಾರು?
ಏಳುನೂರ ಹದಿನೆಂಟನೇ ರೈತ ಯಾರು?
ಏಳುನೂರ ಹದಿನೆಂಟನೇ ರೈತ ಯಾರು?
ಬೆರಳು ಸೋಲುವ ತನಕ ಸರಿಸಿದೆ, ಮುಗಿಯಲಿಲ್ಲ.
ಪ್ರತಿ ಲಾಟಿಗೂ ಹೋಗಿ, ಕೇಳಿ, ಬಂದು,
ಮತ್ತೆ ಹೋಗಿ.

ಥಂಡಿ ಖೋಲಿಯಿಂದ ನಬಿಲಾಲ ಹೊರಬಂದ,
ಹೊರಗೆ ನಲವತ್ತೊಂದು ಡಿಗ್ರಿ, ತಲೆಗೆ ಮಂಕಿಟೋಪಿ.
ಅವನನ್ನು ಕೇಳಿದೆ: ನೂರು ಚೀಟಿ ಕೊಟ್ಟರೆ
ನೂರು ಸಲ ಒಳಗೆ ಹೋಗಿಬರ್ತೀಯಾ?
“ನನಗೇನ್ ಹುಚ್ಚ ಹಿಡದದೇನ್ರೀ ಮೇಡಂ?
ಚೀಟಿ ಎಲ್ಲಾ ಜೋಡಸ್ಕೊಂಡು
ಕೈಗಾಡಿ ಒಯ್ದು ಒಮ್ಮೆಲೇ ತರ್ತೀನಿ.
ಯಾಕ್ರಿ, ಯಾರ ಹಂಗ ಮಾಡ್ಯಾರು?”
ನಾನು ಕಪ್ಪಿನ ತಳದ ಚಹಾಪುಡಿ ನೋಡುತ್ತ ಕೂತೆ.

ಜನವರಿಯ ರಾತ್ರಿ ಎರಡಕ್ಕೆ ಬರೆದ ಲೂಪು.
ಮೇಲೊಂದು ಟಿಪ್ಪಣಿ: ‘ಆಮೇಲೆ ಸರಿಮಾಡಬೇಕು.’
ಅದೂ ನನ್ನದೇ.
ಮೂರು ಸಾಲು ಅಳಿಸಿದೆ, ಒಂದು ಬರೆದೆ.
ಈಗ ಅರ್ಧ ಸೆಕೆಂಡೂ ಇಲ್ಲ.
ಸಾವಕಾರನಿಗೆ ಫೋನು ಮಾಡಲು ಹೊರಟವಳು
ಸುಮ್ಮನೆ, ಚಟಕ್ಕೆ, ಹುಡುಕಿ ನೋಡಿದೆ
ಅಷ್ಟು ಸಲ ಕೇಳಿಸಿಕೊಂಡ ಆ ಏಳುನೂರ ಹದಿನೆಂಟು ಯಾರೆಂದು.

ಭೌರವ್ವ, ಹೊನವಾಡ.
ಮೂವತ್ತೇಳು ಲಾಟು.
ಒಂದೊಂದರಲ್ಲಿ ಎರಡೆರಡೇ ಪೆಟ್ಟಿಗೆ.

“ಇದೇನೋ ತಪ್ಪು ನೋಂದಣಿ” ಅಂದೆ.
ನಬಿಲಾಲ ಬಗ್ಗಿ ಪರದೆ ನೋಡಿದ.
“ತಪ್ಪಲ್ರಿ. ಆಕಿ ಬಸ್ಸಿನ್ಯಾಗ ತರ್ತಾಳ.
ಎರಡರ ಮ್ಯಾಲ ಕಂಡಕ್ಟರ ಏರಸಗೊಡೂದಿಲ್ಲ.”

ಹೋಗಿ, ಬಂದು, ಮತ್ತೆ ಹೋಗಿ.
ಪುಟ ಥಟ್ಟನೆ ತೆರೆದೇ ಇತ್ತು,
ಮೂವತ್ತೇಳು ಸಲ ಆಕೆಯ ಹೆಸರು ಒಮ್ಮೆಲೇ ಮೂಡಿ.

ಐದೂವರೆಯ ಬಸ್ಸು ಗೇಟಿನ ಮುಂದೆ ಉಸಿರುಬಿಟ್ಟು ನಿಂತಿತು.
ನಬಿಲಾಲ ಟೋಪಿ ತೆಗೆದು ಕೈಗಾಡಿ ಹಿಡಿದು ಹೊರಟ.
ಎರಡೇ ಪೆಟ್ಟಿಗೆಗೆ ಕೈಗಾಡಿ ಯಾಕೆಂದು
ನಾನು ಕೇಳಲಿಲ್ಲ.